ರಾಯ ಬರೆದದ್ದು, ರಾಯ ಮಾಡಿದ್ದು

ಕಳಿಂಗದ ದಂಡಯಾತ್ರೆಯ ನಡುವೆ, ಇಂದಿನ ವಿಜಯವಾಡದ ಆಸುಪಾಸಿನಲ್ಲಿ ಕೃಷ್ಣದೇವರಾಯನ ತಲೆಯಲ್ಲಿ ಮೊಳೆತ ಕಾವ್ಯ ‘ಆಮುಕ್ತಮಾಲ್ಯದ’. ನ್ಯಾಯ, ಅಧಿಕಾರ, ಹಮ್ಮು, ಮನುಷ್ಯನ ಸ್ವಭಾವ ಕುರಿತು ಅದರಲ್ಲಿರುವ ಮಾತುಗಳು ಐನೂರು ವರ್ಷಗಳ ಮೇಲೂ ಚೂಪಾಗಿವೆ. ಅದೇ ಮಾತುಗಳನ್ನು ಅವನ ಬದುಕಿನ ಪಕ್ಕದಲ್ಲಿಟ್ಟು ನೋಡಿದರೆ?

ವಿಶಾಖಪಟ್ಟಣದ ಅಂಚಿನ ಸಿಂಹಾಚಲದ ಗುಡಿ ಚಂದನಕ್ಕೆ ಹೆಸರುವಾಸಿ. ವರ್ಷವಿಡೀ ಗಂಧದ ಲೇಪದೊಳಗೆ ಇರುವ ವರಾಹ ನರಸಿಂಹ ಅಕ್ಷಯ ತೃತೀಯದಂದು ಮಾತ್ರ ನಿಜರೂಪದಲ್ಲಿ ಕಾಣಿಸುತ್ತಾನೆ. ಆ ದಿನ ಬೆಟ್ಟದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಬೇರೆ ದಿನ ಹೋಗಿ ನಿಧಾನವಾಗಿ ಒಂದು ಸುತ್ತು ಹಾಕಿದರೆ ಕಣ್ಣಿಗೆ ಬೀಳುವುದು ಶಾಸನಗಳ ಸಾಲು. ಕೋನಾರ್ಕದ ಸೂರ್ಯಗುಡಿ ಕಟ್ಟಿಸಿದ ಗಂಗ ವಂಶದ ನರಸಿಂಹದೇವನ ಹೆಸರಿನೊಂದಿಗೆ ಈ ಗುಡಿಯ ಚರಿತ್ರೆಯೂ ಬೆಸೆದುಕೊಂಡಿದೆ. ಇಲ್ಲಿಗೆ ಬಂದ ದೊಡ್ಡವರು ಕೊಡುವುದನ್ನು ಕೊಟ್ಟು, ಕೊಟ್ಟದ್ದನ್ನು ಕಲ್ಲಿನಲ್ಲಿ ಬರೆಸಿ ಹೋದರು. 1516ರಲ್ಲಿ ಹಾಗೆ ಬಂದವನು ವಿಜಯನಗರದ ಕೃಷ್ಣದೇವರಾಯ.

ಅವನ ಶಾಸನ ಗೆದ್ದ ಕೋಟೆಗಳ ಹೆಸರು ಹೇಳುತ್ತ ಬಂದು ಕೊಟ್ಟ ಒಡವೆಗಳ ಲೆಕ್ಕಕ್ಕೆ ನಿಲ್ಲುತ್ತದೆ. ತಂದೆ ನರಸ ನಾಯಕ, ತಾಯಿ ನಾಗಲಾದೇವಿಯರ ಪುಣ್ಯಕ್ಕಾಗಿ 991 ಮುತ್ತುಗಳ ಹಾರ, ವಜ್ರಮಾಣಿಕ್ಯದ ಕಡಗ, ಶಂಖಚಕ್ರದ ಪದಕ, ಬಂಗಾರದ ತಟ್ಟೆ. ಜೊತೆಯಲ್ಲಿ ಬಂದಿದ್ದ ರಾಣಿಯರಾದ ಚಿನ್ನಾದೇವಿ, ತಿರುಮಲಾದೇವಿಯರ ಕಾಣಿಕೆ ಬೇರೆ. ಸಾವಿರಕ್ಕೆ ಒಂಬತ್ತು ಕಡಿಮೆ ಎಂಬಷ್ಟು ಕರಾರುವಾಕ್ಕಾಗಿ ಮುತ್ತು ಎಣಿಸಿ ಬರೆಸಿದ ಈ ರಾಜ ಅಲ್ಲಿಗೇ ನಿಲ್ಲಲಿಲ್ಲ. ಭೀಮುನಿಪಟ್ಟಣದ ಕಡೆಯ ಪೊಟ್ನೂರಿನಲ್ಲಿ ಜಯಸ್ತಂಭ ನೆಡಿಸಿದ. ಭಕ್ತಿ ಎಲ್ಲಿ ಮುಗಿಯಿತು, ಗೆದ್ದವನ ಹೆಮ್ಮೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಆದರೆ ಆ ಗೆರೆಯ ಬಗ್ಗೆ ಸ್ವತಃ ಅವನೇ ಯೋಚಿಸಿದ್ದ, ಬರೆದೂ ಇದ್ದ. ನಮಗೆ ಮುಖ್ಯವಾಗುವುದು ಅದು.

ಅದೇ ಹೊತ್ತು, ಯುರೋಪಿನಲ್ಲಿ

1516 ಎಂಬ ವರ್ಷವನ್ನು ಸ್ವಲ್ಪ ಹಿಗ್ಗಿಸಿ ನೋಡಬೇಕು. ಆ ವರ್ಷವೇ ಲೂವೆನ್ ನಗರದಲ್ಲಿ ಥಾಮಸ್ ಮೋರ್‌ನ ‘ಯುಟೋಪಿಯಾ’ ಅಚ್ಚಾಯಿತು. ಆ ವರ್ಷವೇ ಎರಾಸ್ಮಸ್, ಮುಂದೆ ಚಕ್ರವರ್ತಿ ಐದನೇ ಚಾರ್ಲ್ಸ್ ಆಗಲಿದ್ದ ಹುಡುಗನಿಗೆ ರಾಜನೀತಿಯ ಪುಸ್ತಕ ಬರೆದುಕೊಟ್ಟ. ಫ್ಲಾರೆನ್ಸಿನ ಫ್ರಾಂಚೆಸ್ಕೊ ಗ್ವಿಚ್ಚಾರ್ಡಿನಿ ಮೊದೆನಾ ನಗರದ ಆಡಳಿತಾಧಿಕಾರಿಯಾದದ್ದೂ ಆಗಲೇ. ಅಧಿಕಾರದಲ್ಲಿದ್ದು ಕಂಡ ಮನುಷ್ಯರ ಬಗ್ಗೆ ಅವನು ಬರೆದಿಟ್ಟ ಟಿಪ್ಪಣಿಗಳು ಇವತ್ತಿಗೂ ಓದುಗರನ್ನು ಬೆಚ್ಚಿಸುತ್ತವೆ. ಇದಕ್ಕೆ ಮೂರು ವರ್ಷ ಮುಂಚೆ, 1513ರಲ್ಲಿ, ಕೆಲಸ ಕಳೆದುಕೊಂಡು, ಸೆರೆಮನೆಯಲ್ಲಿ ಚಿತ್ರಹಿಂಸೆ ಅನುಭವಿಸಿ ಹಳ್ಳಿಮನೆ ಸೇರಿದ್ದ ಮಾಕಿಯವೆಲ್ಲಿ ‘ದಿ ಪ್ರಿನ್ಸ್’ ಬರೆದ. ಅವನು ಅಲ್ಲಿ ಬರೆಯುತ್ತಿದ್ದಾಗ ನಮ್ಮ ರಾಯ ಇಲ್ಲಿ ಉದಯಗಿರಿಯ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ.

ಇವರೆಲ್ಲರಿಗೂ ರಾಯನಿಗೂ ಒಂದು ವ್ಯತ್ಯಾಸ. ಅವರು ಸಿಂಹಾಸನದ ಪಕ್ಕದಲ್ಲಿ ನಿಂತೋ, ಅಲ್ಲಿಂದ ದೂಡಿಸಿಕೊಂಡೋ ಬರೆದವರು. ಇವನು ಅದರ ಮೇಲೆ ಕೂತೇ ಬರೆದವನು. ತನ್ನ ಮಾತು ತನಗೇ ಅನ್ವಯಿಸುತ್ತದೆ ಎಂಬ ಪೇಚು ಮಾಕಿಯವೆಲ್ಲಿಗೆ ಇರಲಿಲ್ಲ. ರಾಯನಿಗೆ ಇತ್ತು.

ಬೆಜವಾಡದ ಬೀಡು, ಶ್ರೀಕಾಕುಳದ ಕನಸು

ಒಡಿಶಾದ ಪ್ರತಾಪರುದ್ರ ಗಜಪತಿಯ ಮೇಲೆ ರಾಯ ಹೂಡಿದ ಯುದ್ಧ ವರ್ಷಗಟ್ಟಲೆ ನಡೆಯಿತು. 1514ರಲ್ಲಿ ಉದಯಗಿರಿ ಬಿತ್ತು. ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹಕ್ಕಾಗಿ ಮರುವರ್ಷ ಹಂಪಿಯಲ್ಲಿ ಕೃಷ್ಣ ದೇವಾಲಯ ಎದ್ದಿತು. 1515ರ ಜೂನ್‌ನಲ್ಲಿ ಕೊಂಡವೀಡು ಕೈಗೆ ಬಂತು. ಗಜಪತಿಯ ಮಗ ವೀರಭದ್ರ ಸೆರೆಸಿಕ್ಕ. ಕೊಂಡವೀಡನ್ನು ಗೆದ್ದುಕೊಟ್ಟ ಮಂತ್ರಿ ಸಾಳುವ ತಿಮ್ಮರಸುವಿನ ಹೊಗಳಿಕೆ ವಿಜಯವಾಡದ ಪಕ್ಕದ ಮಂಗಳಗಿರಿಯ ಕಂಬದ ಶಾಸನದಲ್ಲಿ ಈಗಲೂ ಇದೆ. ಆಮೇಲೆ ಸೈನ್ಯ ಬೆಜವಾಡಕ್ಕೆ, ಅಂದರೆ ಇಂದಿನ ವಿಜಯವಾಡಕ್ಕೆ, ಬಂದು ಕೃಷ್ಣಾ ನದಿಯ ದಂಡೆಯಲ್ಲಿ ಬೀಡುಬಿಟ್ಟಿತು. ಮುಂದಿನ ಗುರಿ ಕೊಂಡಪಲ್ಲಿಯ ಕೋಟೆ. ಇವತ್ತು ಆ ಊರು ಹಗುರ ಮರದ ಬಣ್ಣದ ಗೊಂಬೆಗಳಿಂದ ಎಲ್ಲರಿಗೂ ಗೊತ್ತು. ಅಂದು ಅದು ಪೂರ್ವ ಕರಾವಳಿಯ ಬೀಗದ ಕೈ.

ಈ ಬೀಡಿನ ದಿನಗಳ ಪ್ರಸ್ತಾಪ ಕಾವ್ಯದ ಪೀಠಿಕೆಯಲ್ಲೇ ಬರುತ್ತದೆ. ಕಳಿಂಗವನ್ನು ಗೆಲ್ಲುವ ಆಸೆಯಿಂದ ಹೊರಟು ವಿಜಯವಾಡದಲ್ಲಿ ಕೆಲವು ದಿನ ಇದ್ದೆ, ಅಲ್ಲಿಂದ ಶ್ರೀಕಾಕುಳದ ಆಂಧ್ರವಿಷ್ಣುವಿನ ದರ್ಶನಕ್ಕೆ ಹೋಗಿ ಏಕಾದಶಿಯ ಉಪವಾಸ ಮಾಡಿದೆ, ಆ ರಾತ್ರಿಯ ಕೊನೆಯ ಜಾವದಲ್ಲಿ ದೇವರು ಕನಸಿನಲ್ಲಿ ಬಂದ ಎನ್ನುತ್ತಾನೆ ರಾಯ. ಈ ಶ್ರೀಕಾಕುಳ ಒಡಿಶಾ ಗಡಿಯ ಜಿಲ್ಲಾಕೇಂದ್ರವಲ್ಲ. ವಿಜಯವಾಡದ ಕೆಳಗೆ ಘಂಟಸಾಲದ ಕಡೆ ಕೃಷ್ಣೆಯ ದಂಡೆಯಲ್ಲಿರುವ ಹಳ್ಳಿ. ಸಂಸ್ಕೃತದಲ್ಲಿ ಅಷ್ಟೆಲ್ಲ ಬರೆದೆಯಲ್ಲ, ತೆಲುಗಿನಲ್ಲಿ ನನಗೊಂದು ಕಾವ್ಯ ಬರೆ ಎಂದು ದೇವರ ಅಪ್ಪಣೆ. ದೇವರು ತನ್ನನ್ನು ತೆಲುಗು ರಾಯನೆಂದು ಕರೆದುಕೊಂಡು, ಎದುರಿಗಿದ್ದವನನ್ನು ಕನ್ನಡ ರಾಯ ಎಂದೇ ಸಂಬೋಧಿಸುತ್ತಾನೆ. ಶಾಸನಗಳಲ್ಲಿ ‘ಕನ್ನಡರಾಜ್ಯ ರಮಾರಮಣ’ ಎನ್ನಿಸಿಕೊಂಡವನಿಗೆ, ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿಯಿಂದ ಪೂರ್ತಿ ಮಾಡಿಸಿದವನಿಗೆ, ಆ ಕರೆ ಸರಿಯಾಗಿಯೇ ಒಪ್ಪುತ್ತದೆ.

ಹೊರಟುನಿಂತವನ ಬುದ್ಧಿಮಾತು

ಕಾವ್ಯದ ಮುಖ್ಯ ಕಥೆ ಗೋದಾದೇವಿಯದು. ತಾನು ಮುಡಿದ ಮಾಲೆಯನ್ನು ದೇವರಿಗೆ ಕಳಿಸಿದವಳದು. ರಾಜನೀತಿ ಬರುವುದು ನಾಲ್ಕನೇ ಆಶ್ವಾಸದಲ್ಲಿ, ಒಂದು ಉಪಕಥೆಯೊಳಗೆ. ಯಾಮುನಾಚಾರ್ಯ ವಾದದಲ್ಲಿ ಗೆದ್ದು ಅರ್ಧ ರಾಜ್ಯ ಪಡೆದು ರಾಜನಾಗುತ್ತಾನೆ. ಆಳುತ್ತ ಆಳುತ್ತ ತಾನು ಯಾರ ಮನೆತನದವನು ಎಂಬುದನ್ನೇ ಮರೆಯುತ್ತಾನೆ. ಅವನನ್ನು ಹಿಂದಕ್ಕೆ ಕರೆಯಬೇಕೆಂದು ಬಂದ ಶ್ರೀರಾಮಮಿಶ್ರನಿಗೆ ಅರಮನೆಯ ಬಾಗಿಲು ತೆರೆಯುವುದಿಲ್ಲ. ಆತ ಅಡುಗೆಮನೆಗೆ ದಿನವೂ ಒಂದು ಬಗೆಯ ಸೊಪ್ಪು ತಂದುಕೊಟ್ಟು, ಆ ದಾರಿಯಲ್ಲಿ ರಾಜನ ಹತ್ತಿರ ಸೇರುತ್ತಾನೆ. ನಿಮ್ಮ ಹಿರಿಯರು ಬಿಟ್ಟುಹೋದ ನಿಧಿ ಎರಡು ಹೊಳೆಗಳ ನಡುವೆ ಇದೆ ಎಂದು ಆಸೆ ತೋರಿಸಿ ಕರೆದೊಯ್ದು ಶ್ರೀರಂಗನಾಥನ ಎದುರು ನಿಲ್ಲಿಸುತ್ತಾನೆ. ಯಾಮುನನ ಕಣ್ಣು ತೆರೆಯುತ್ತದೆ. ಮಗನಿಗೆ ಪಟ್ಟ ಕಟ್ಟಿ, ಹೊರಡುವ ಮುಂಚೆ ಅವನಿಗೆ ಹೇಳುವ ಬುದ್ಧಿಮಾತೇ ರಾಜನೀತಿ.

ಇಲ್ಲಿ ರಾಯನ ಜಾಣ್ಮೆ ನೋಡಿ. ರಾಜ್ಯ ಉಳಿಸಿಕೊಳ್ಳುವುದು ಹೇಗೆ ಎಂಬ ಎಂಬತ್ತರಷ್ಟು ಪದ್ಯಗಳನ್ನು, ರಾಜ್ಯ ಬಿಟ್ಟುಹೋಗುತ್ತಿರುವವನ ಬಾಯಲ್ಲಿ ಹೇಳಿಸಿದ್ದಾನೆ. ಹಾಗಾಗಿ ಅದರಲ್ಲಿ ಆಸೆಯ ಬಿಸಿ ಇಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವ ಒಣ ದನಿ ಇದೆ.

ಮನುಷ್ಯರ ಬಗ್ಗೆ ಅವನ ತಿಳಿವಳಿಕೆ ಮಾಕಿಯವೆಲ್ಲಿಗೆ ಏನೂ ಕಡಿಮೆಯಿಲ್ಲ. ಯಾರನ್ನಾದರೂ ಒಮ್ಮೆಲೇ ಮೇಲಕ್ಕೆತ್ತಿ ಆಮೇಲೆ ಕೆಳಗಿಳಿಸಿದರೆ, ಅವನಿಗೆ ತಾನು ಮೊದಲು ಎಲ್ಲಿದ್ದೆ ಎಂಬುದು ನೆನಪಾಗುವುದಿಲ್ಲ, ಇಳಿಸಿದ್ದು ಮಾತ್ರ ನೆನಪಿರುತ್ತದೆ, ಹಗೆಯಾಗುತ್ತಾನೆ. ಆದ್ದರಿಂದ ಗುಣ ನೋಡಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಏರಿಸು ಎನ್ನುತ್ತಾನೆ. ತಂದೆ ಸತ್ತದ್ದನ್ನು ಮರೆತಾರು, ತಂದೆಯ ಆಸ್ತಿ ಹೋದದ್ದನ್ನು ಮರೆಯರು ಎಂಬರ್ಥದಲ್ಲಿ ಮಾಕಿಯವೆಲ್ಲಿ ಹೇಳಿದ್ದೂ ಇದೇ ಗಾಯದ ಬಗ್ಗೆ. ಕೋಟೆಗಳನ್ನು ಬ್ರಾಹ್ಮಣ ಅಧಿಕಾರಿಗಳ ಕೈಗೆ ಕೊಡು ಎಂಬ ಸಲಹೆಗೆ ರಾಯ ಕೊಡುವ ಕಾರಣದಲ್ಲಿ ಮಡಿ, ಪಾವಿತ್ರ್ಯದ ಮಾತಿಲ್ಲ. ಬೇರೆಯವರೆದುರು ನಗೆಪಾಟಲಾಗಬಾರದೆಂಬ ಛಲಕ್ಕಾದರೂ ಅವರು ಬಿಟ್ಟೋಡುವುದಿಲ್ಲ ಎಂಬ ಲೆಕ್ಕಾಚಾರ ಅದು. ಜಾತಿಯೂ ಅವನ ಕಣ್ಣಿಗೆ ಮಾನದ ಹಸಿವಾಗಿ, ಬಳಸಿಕೊಳ್ಳಬಹುದಾದ ಸರಕಾಗಿ ಕಂಡಿದೆ. ಒಳ್ಳೆಯ ಮಂತ್ರಿ ಸಿಗದಿದ್ದರೆ ನೀನೇ ಆಳು, ಇಲ್ಲದಿದ್ದರೆ ಕುಂಬಳಕಾಯಿ ಗಾತ್ರದ ಮುತ್ತನ್ನು ಇಟ್ಟುಕೊಂಡ ಹಾಗಾಗಿ, ಕೊನೆಗೆ ನೀನೇ ಅವನ ಹಿಡಿತದಲ್ಲಿ ಬದುಕಬೇಕಾಗುತ್ತದೆ ಎಂಬ ಎಚ್ಚರಿಕೆಯೂ ಉಂಟು. ಈ ಮುತ್ತಿನ ಮಾತು ಆಮೇಲೆ ಬೇಕಾಗುತ್ತದೆ.

ಆಡಳಿತದ ವಿಷಯಕ್ಕೆ ಬಂದಾಗ ದನಿ ಬಿಸಿಯಾಗುತ್ತದೆ. ಬಡವನಿಗೆ ಕಂದಾಯ ಇಳಿಸಿ, ಕೆರೆ ಕಾಲುವೆ ತೋಡಿಸಿದರೆ ಚಿಕ್ಕ ನಾಡೂ ಧರ್ಮ, ಹಣ ಎರಡರಲ್ಲೂ ಬೆಳೆಯುತ್ತದೆ. ಬಂದ ಆದಾಯದ ನಾಲ್ಕು ಪಾಲಿನಲ್ಲಿ ಎರಡು ಸೈನ್ಯಕ್ಕೆ, ಒಂದು ದಾನಕ್ಕೂ ಭೋಗಕ್ಕೂ, ಒಂದು ಬೊಕ್ಕಸಕ್ಕೆ. ಬಂದರುಗಳನ್ನು ಚೆನ್ನಾಗಿಟ್ಟು, ಕುದುರೆ, ಆನೆ, ಮುತ್ತುರತ್ನ ತರುವ ಪರದೇಶದ ವರ್ತಕರಿಗೆ ಊರು, ಮನೆ ಕೊಟ್ಟು, ದರ್ಶನ ಕೊಟ್ಟು, ಲಾಭ ಬಿಟ್ಟುಕೊಟ್ಟು ಹಿಡಿದಿಟ್ಟುಕೊ. ಆ ಕುದುರೆಗಳು ಶತ್ರುವಿನ ಲಾಯಕ್ಕೆ ಹೋಗಬಾರದು. 1510ರಲ್ಲಿ ಪೋರ್ಚುಗೀಸರು ಗೋವೆಗೆ ಬಂದು ಕೂತದ್ದನ್ನೂ, ಭಟ್ಕಳದ ಕುದುರೆ ವ್ಯಾಪಾರವನ್ನೂ ಬಲ್ಲವನ ಮಾತಿದು. ಗಡಿಯ ಕಾಡುಜನರ ಸಣ್ಣಪುಟ್ಟ ತಪ್ಪನ್ನು ಅಳೆಯುತ್ತ ಕೂರುವುದು ಮಣ್ಣಿನ ಗೋಡೆಯನ್ನು ತೊಳೆದಂತೆ, ಕೊಟ್ಟ ಮಾತು ಉಳಿಸಿಕೊಂಡರೆ ಅವರು ನಿನ್ನವರು ಎನ್ನುತ್ತಾನೆ.

ಅತ್ಯಂತ ಕಟುವಾದ ಪದ್ಯ ಅಧಿಕಾರಿಯೊಬ್ಬನ ಬಗ್ಗೆ. ಕಷ್ಟಕ್ಕೆ ಸಿಕ್ಕ ರೈತರು ಊರು ಬಿಟ್ಟು ಹೋದಾಗ ಅವರನ್ನು ಕರೆಸಿಕೊಳ್ಳುವ ಬದಲು, ಬಿಟ್ಟುಹೋದ ದನ ಮಾರಿಕೊಂಡು, ಕಾಳು ಮಾರಿಕೊಂಡು, ಪಾಳುಬಿದ್ದ ಮನೆಯ ತೊಲೆ ಜಂತೆಗಳು ಸೌದೆಗೆ ಆಗುತ್ತವೆ ಎಂದು ಕಾಯುವವನು ರಣರಂಗದಲ್ಲಿ ಹೆಣಕ್ಕೆ ಕಾಯುವ ನರಿ. ಅಂಥ ಅಧಿಕಾರಿಯುಳ್ಳ ರಾಜ ಏಳು ದ್ವೀಪ ಗೆದ್ದರೂ ಏಳಿಗೆಯಾಗುವುದಿಲ್ಲ. ಯುದ್ಧ ನಡೆದ ನೆಲದಲ್ಲಿ ತಿಂಗಳುಗಟ್ಟಲೆ ತಿರುಗಾಡಿದವನಿಗೆ ಈ ಚಿತ್ರವನ್ನು ಕಲ್ಪಿಸಿಕೊಳ್ಳುವ ಅಗತ್ಯವಿರಲಿಲ್ಲ.

ನ್ಯಾಯಕ್ಕೆ ಸಂಬಂಧಿಸಿ ಒಂದು ಪದ್ಯವಂತೂ ಆ ಕಾಲಕ್ಕೆ ಅಚ್ಚರಿಯದು. ಮರಣದಂಡನೆಗೆ ಗುರಿಯಾದವನಿಗೆ ಮೂರು ಸಲ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕು. ತಪ್ಪಿಸಿಕೊಂಡರೆ ರಾಜ್ಯಕ್ಕೇ ಕೇಡು ಎಂಬಂಥವನ ವಿಷಯದಲ್ಲಿ ಮಾತ್ರ ತಡ ಸಲ್ಲದು. ಇಂಥ ನಿಯಮ ಯಾಕೆ ಬೇಕಾಯಿತು? ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕೊಡುವ ರಾಯನ ಚಿತ್ರದಲ್ಲಿ ಉತ್ತರವಿದೆ. ಮಧ್ಯಮ ಎತ್ತರ, ಮುಖದ ಮೇಲೆ ಸಿಡುಬಿನ ಕಲೆ, ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಹಚ್ಚಿಸಿಕೊಂಡು, ಬೆವರಿನಲ್ಲಿ ಎಣ್ಣೆ ಹೊರಬರುವವರೆಗೆ ಭಾರ ಎತ್ತಿ, ಕತ್ತಿ ಬೀಸಿ, ಕುಸ್ತಿ ಮಾಡುವವನು, ನಗುಮುಖದವನು, ನ್ಯಾಯವಂತ, ಆದರೆ ಇದ್ದಕ್ಕಿದ್ದಂತೆ ಕೆಂಡವಾಗುವವನು. ಮೂರು ಅಹವಾಲಿನ ನಿಯಮ ಯಾರದೋ ಕೋಪಕ್ಕಲ್ಲ, ತನ್ನದೇ ಕೋಪಕ್ಕೆ ಹಾಕಿಕೊಂಡ ಕಡಿವಾಣ ಎಂದು ಓದಿದರೆ ಆ ಪದ್ಯದ ತೂಕ ಬೇರೆಯೇ ಆಗುತ್ತದೆ.

ಹಮ್ಮಿನ ಎರಡು ಕಥೆ

ಹಮ್ಮಿನ ಬಗ್ಗೆ ರಾಯ ಉಪದೇಶಿಸುವುದಿಲ್ಲ, ಕಥೆ ಹೇಳುತ್ತಾನೆ. ಮಧುರೆಯ ಪಾಂಡ್ಯರಾಜ ಮತ್ಸ್ಯಧ್ವಜ ಒಂದು ರಾತ್ರಿ ಸಿಂಗರಿಸಿಕೊಂಡು ವೇಶ್ಯೆಯ ಮನೆಗೆ ಹೊರಟಿದ್ದಾನೆ. ದಾರಿಯಲ್ಲಿ ಯಾರದೋ ಜಗಲಿಯ ಮೇಲೆ ಮಲಗಿದ ಪರವೂರ ಬ್ರಾಹ್ಮಣ ಒಂದು ಸುಭಾಷಿತ ಹೇಳುವುದು ಕಿವಿಗೆ ಬೀಳುತ್ತದೆ. ಮಳೆಗಾಲಕ್ಕೆ ಬೇಕಾದದ್ದನ್ನು ಉಳಿದ ತಿಂಗಳುಗಳಲ್ಲಿ, ಮುಪ್ಪಿಗೆ ಬೇಕಾದದ್ದನ್ನು ಹರೆಯದಲ್ಲಿ, ಪರಕ್ಕೆ ಬೇಕಾದದ್ದನ್ನು ಇಹದಲ್ಲಿ ಕೂಡಿಟ್ಟುಕೊಳ್ಳಬೇಕು ಎಂಬ ಸಾಮಾನ್ಯ ಬುದ್ಧಿಯ ಮಾತು. ರಾಜ ಅಲ್ಲಿಂದಲೇ ಹಿಂತಿರುಗುತ್ತಾನೆ. ಆದರೆ ಮರುದಿನ ಅವನು ಮಾಡುವುದೇನು? ಪರಮಸತ್ಯ ಯಾವುದೆಂದು ತೋರಿಸಿದವರಿಗೆ ಎಂದು ಸಭೆಯಲ್ಲಿ ಹೊನ್ನಿನ ಚೀಲ ತೂಗುಹಾಕಿಸುತ್ತಾನೆ. ವೈರಾಗ್ಯ ಬಂದರೂ ರಾಜನಿಗೆ ಬಹುಮಾನ ಇಡುವ ಚಟ ಹೋಗುವುದಿಲ್ಲ. ಅಮರಾವತಿಯಲ್ಲಿ ತನ್ನ ತೂಕದ ಹೊನ್ನು ಕೊಡುವ ತುಲಾಪುರುಷ ದಾನ ಮಾಡಿ ಬಂದಿದ್ದ ರಾಯ ಈ ಸಾಲುಗಳನ್ನು ಬರೆಯುವಾಗ ಮೀಸೆಯಡಿ ನಕ್ಕಿರಬಹುದೇನೋ.

ಎರಡನೆಯದು ಮಾಲದಾಸರಿಯ ಕಥೆ. ಕನ್ನಡಿಗರಿಗೆ ಇದು ಹೊಸದೆನಿಸದು, ಯಾಕೆಂದರೆ ನಮ್ಮ ಗೋವಿನ ಹಾಡಿನ ಪುಣ್ಯಕೋಟಿಯದೂ ಇದೇ ಎಳೆ. ಊರಹೊರಗಿನ ಕೇರಿಯ ಭಕ್ತನೊಬ್ಬ ದೇವರೆದುರು ಹಾಡಲು ಹೊರಟಾಗ ಬ್ರಹ್ಮರಾಕ್ಷಸನ ಕೈಗೆ ಸಿಗುತ್ತಾನೆ. ಹಾಡಿ ಬಂದು ನಿನಗೆ ಆಹಾರವಾಗುತ್ತೇನೆ ಎಂದು ಮಾತು ಕೊಟ್ಟು ಹೋಗುತ್ತಾನೆ, ಕೊಟ್ಟ ಮಾತಿನಂತೆ ಮರಳಿ ಬರುತ್ತಾನೆ. ರಾಕ್ಷಸ ಹಿಂದಿನ ಜನ್ಮದಲ್ಲಿ ಬ್ರಾಹ್ಮಣ. ಈಗ ಅವನು ಆ ದಾಸನ ಕಾಲಿಗೆ ಬಿದ್ದು, ಒಂದು ಹಾಡಿನ ಪುಣ್ಯ ಕೊಡು, ನನಗೆ ಬಿಡುಗಡೆಯಾಗಲಿ ಎಂದು ಬೇಡುತ್ತಾನೆ. ಕೋಟೆಗೆ ಯಾವ ಜಾತಿಯವನು ಆಗಬೇಕೆಂದು ಲೆಕ್ಕ ಹಾಕಿದ ಕೈಯೇ ಈ ಕಥೆಯನ್ನೂ ಬರೆಯಿತು. ಅದೇ ಕಾಲದ ಕನ್ನಡದಲ್ಲಿ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಜಂಬದ ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ರಾಗಿಯನ್ನು ಗೆಲ್ಲಿಸಿದರು. ಕುಲದ ಹಮ್ಮನ್ನು ಪರೀಕ್ಷೆಗೆ ಒಡ್ಡುವ ಗಾಳಿ ಆಗ ಅರಮನೆಯಲ್ಲೂ ಬೀಸುತ್ತಿತ್ತು, ಹೊಲದಲ್ಲೂ ಬೀಸುತ್ತಿತ್ತು.

ಗೆದ್ದ ನೆಲದ ವಿಷಯದಲ್ಲೂ ರಾಯ ಒಂದು ಹಂತದಲ್ಲಿ ಹಮ್ಮು ಬಿಟ್ಟ. ಗಜಪತಿಯ ಜೊತೆ ಸಂಧಿ ಮಾಡಿಕೊಂಡು, ಅವನ ಮಗಳನ್ನು ಮದುವೆಯಾಗಿ, ಕೃಷ್ಣಾ ನದಿಯ ಉತ್ತರಕ್ಕೆ ಗೆದ್ದದ್ದನ್ನೆಲ್ಲ ಮರಳಿಸಿದ. ಕೊಂಡಪಲ್ಲಿ, ಸಿಂಹಾಚಲ, ಜಯಸ್ತಂಭ ನೆಟ್ಟ ಪೊಟ್ನೂರು ಎಲ್ಲ ಮತ್ತೆ ಗಜಪತಿಯದಾಯಿತು. ಮೊದಲು ನೆಲಕ್ಕೆ ಬೇಲಿ ಹಾಕು, ಆಮೇಲೆ ಬೇರು ಬೊಡ್ಡೆ ಕೀಳು ಎಂದು ರಾಜನೀತಿಯಲ್ಲಿ ರೈತನ ಉಪಮೆ ಕೊಟ್ಟವನಿಗೆ, ಯಾವ ಹೊಲಕ್ಕೆ ತನ್ನ ಬೇಲಿ ನಿಲ್ಲುವುದಿಲ್ಲ ಎಂಬುದೂ ಗೊತ್ತಿತ್ತು.

ಮಾಯಕೊಂಡಕ್ಕೆ ಬಂದ ಗಜಪತಿ

ಸೆರೆಸಿಕ್ಕ ವೀರಭದ್ರನ ಕಥೆ ಕನ್ನಡ ನಾಡಿಗೇ ಬಂದು ತಲುಪುತ್ತದೆ. ದಾವಣಗೆರೆ ಸೀಮೆಯ 1516ರ ಶಾಸನವೊಂದರ ಪ್ರಕಾರ, ರಾಯ ಅವನಿಗೆ ಮಾಯಕೊಂಡದ ಸೀಮೆಯನ್ನು ನಾಯಕತನಕ್ಕೆ ಕೊಟ್ಟಿದ್ದ. ಆ ಹುಡುಗ ಅಲ್ಲಿ ಮದುವೆಯ ಮೇಲಿನ ತೆರಿಗೆಯನ್ನು ಮನ್ನಾ ಮಾಡಿ, ಅದರ ಪುಣ್ಯ ತನ್ನ ತಂದೆ ಪ್ರತಾಪರುದ್ರನಿಗೂ ಕೃಷ್ಣರಾಯನಿಗೂ ಸಲ್ಲಲಿ ಎಂದು ಬರೆಸಿದ. ಪೂರ್ವ ಕರಾವಳಿಯ ರಾಜಕುಮಾರ, ಗೆದ್ದವನಿಗೂ ಸೋತವನಿಗೂ ಒಟ್ಟಿಗೇ ಪುಣ್ಯ ಹಂಚಿ, ದಾವಣಗೆರೆಯ ಬಡವರ ಮದುವೆ ಖರ್ಚು ಇಳಿಸಿದ್ದು ಆ ಯುದ್ಧದ ಅತ್ಯಂತ ಮೃದುವಾದ ಪುಟ.

ಆದರೆ ಸುಮಾರು 1535–37ರಲ್ಲಿ ಬರೆದ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬೇರೊಂದು ಕಥೆ ಹೇಳುತ್ತಾನೆ. ಗಜಪತಿಯ ಮಗ ಕತ್ತಿವರಸೆಯಲ್ಲಿ ನಿಪುಣನೆಂದು ಕೇಳಿ ರಾಯ ಅವನ ಕೈಚಳಕ ನೋಡಬಯಸಿದ. ಎದುರಾಳಿಯಾಗಿ ರಾಜಕುಲದವನಲ್ಲದ ಒಬ್ಬನನ್ನು ನಿಲ್ಲಿಸಿದ. ಆ ಅವಮಾನ ತಾಳದೆ ಹುಡುಗ ಪ್ರಾಣ ಬಿಟ್ಟ. ಶಾಸನದಲ್ಲಿ ಗೌರವ, ಪ್ರವಾಸಿಯ ಬರಹದಲ್ಲಿ ಅವಮಾನ. ಎರಡನ್ನೂ ಒಟ್ಟಿಗೆ ಓದಿದರೆ, ಎತ್ತರದಿಂದ ಇಳಿದವನು ತನ್ನನ್ನು ಇಳಿಸಿದ್ದನ್ನು ಮರೆಯುವುದಿಲ್ಲ ಎಂಬ ಪದ್ಯ ಎಲ್ಲಿಂದ ಬಂದಿರಬಹುದು ಎಂಬ ಊಹೆ ಏಳುತ್ತದೆ.

ಇಬ್ಬರು ಮಕ್ಕಳು, ಎರಡು ತೀರ್ಪು

ವಿಜಯವಾಡದಲ್ಲಿ ನ್ಯಾಯದ ಮಾತು ಬಂದರೆ ಜನ ಮೊದಲು ನೆನೆಯುವುದು ಮಾಧವವರ್ಮನನ್ನು. ಇಂದ್ರಕೀಲಾದ್ರಿಯ ಕನಕದುರ್ಗೆಯ ಐತಿಹ್ಯದಲ್ಲಿ ಬರುವ ರಾಜ ಅವನು. ಅವನ ಮಗನ ರಥದಡಿ ಹುಣಸೆಚಿಗುರು ಮಾರುವ ಬಡವಿಯ ಮಗು ಸಿಕ್ಕಿ ಸಾಯುತ್ತದೆ. ಅವಳು ಬಂದು ನ್ಯಾಯ ಕೇಳುತ್ತಾಳೆ. ರಾಜ ತನ್ನ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಆ ನಿಷ್ಠುರ ನ್ಯಾಯಕ್ಕೆ ಮೆಚ್ಚಿ ಊರ ಮೇಲೆ ಹೊನ್ನಿನ ಮಳೆ ಸುರಿಯಿತು, ಸತ್ತವರು ಎದ್ದರು ಎಂಬುದು ಕಥೆ. ಕೃಷ್ಣೆಯ ದಂಡೆಯಲ್ಲಿ ಬೀಡುಬಿಟ್ಟಿದ್ದ ರಾಯನ ಕಿವಿಗೆ ಈ ಕಥೆ ಬಿದ್ದಿದ್ದರೆ ಆಶ್ಚರ್ಯವಿಲ್ಲ.

ರಾಯನಿಗೂ ಒಬ್ಬ ಮಗ. ನೂನಿಜ್ ಬರೆದಂತೆ, ಆ ಮಗನಿಗೆ ಆರು ವರ್ಷವಾದಾಗ ರಾಯ ಅವನಿಗೆ ಪಟ್ಟ ಕಟ್ಟಿ, ತಾನೇ ಮಂತ್ರಿಯ ಜಾಗದಲ್ಲಿ ನಿಂತ. ಕಾವ್ಯದಲ್ಲಿ ಯಾಮುನ ಮಾಡಿದ್ದನ್ನೇ ಇವನೂ ಮಾಡಿದ. ಎಂಟು ತಿಂಗಳು ಉತ್ಸವ ನಡೆಯಿತು. ಉತ್ಸವದ ನಡುವೆಯೇ ಹುಡುಗ ಕಾಯಿಲೆಬಿದ್ದು ತೀರಿಕೊಂಡ. ತಿಮ್ಮರಸುವಿನ ಮಗ ವಿಷ ಹಾಕಿದನೆಂಬ ಮಾತು ಕಿವಿಗೆ ಬಿತ್ತು. ರಾಯ ತಿಮ್ಮರಸುವನ್ನು ಸೆರೆಗೆ ಹಾಕಿದ, ಕೊನೆಗೆ ಕಣ್ಣು ಕೀಳಿಸಿದ. ಅದೇ ನೂನಿಜ್ ಹೇಳುವ ಇನ್ನೊಂದು ಕಥೆಯಲ್ಲಿ, ಹಿಂದೆ ರಾಯನ ಕಣ್ಣು ಕೀಳಿಸಲು ಅಪ್ಪಣೆಯಾಗಿದ್ದಾಗ ಮೇಕೆಯ ಕಣ್ಣು ತೋರಿಸಿ ಅವನನ್ನು ಉಳಿಸಿದವನು ಇದೇ ತಿಮ್ಮರಸು. 1970ರ ‘ಶ್ರೀಕೃಷ್ಣದೇವರಾಯ’ ಚಿತ್ರದಲ್ಲಿ ರಾಜ್‌ಕುಮಾರ್ ರಾಯನಾಗಿ, ಬಿ.ಆರ್. ಪಂತುಲು ತಿಮ್ಮರಸುವಾಗಿ ನಿಂತದ್ದನ್ನು ನೋಡಿದ ತಲೆಮಾರಿಗೆ, ರಾಯ ತಿಮ್ಮರಸುವನ್ನು ಕರೆಯುವ ‘ಅಪ್ಪಾಜಿ’ ಎಂಬ ಮಾತು ಕೇಳಿದರೆ ಈಗಲೂ ಗಂಟಲು ಕಟ್ಟುತ್ತದೆ.

ನೂನಿಜ್‌ನ ಪ್ರತಿ ವಿವರವನ್ನೂ ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ ರಾಯನ ಕಾಲಕ್ಕೆ ಹತ್ತಿರದವನೇ ಬರೆದ ಬರಹವಾದ್ದರಿಂದ ಸುಮ್ಮನೆ ತಳ್ಳಿಹಾಕುವಂತೆಯೂ ಇಲ್ಲ. ಕುಂಬಳಕಾಯಿ ಗಾತ್ರದ ಮುತ್ತಿನ ಭಯ ಅವನ ಮನಸ್ಸಿನಲ್ಲಿ ಮೊದಲೇ ಬೇರೂರಿತ್ತೇ? ಮಗನನ್ನು ಕಳೆದುಕೊಂಡ ಹೊತ್ತಿನಲ್ಲಿ ಅದಕ್ಕೆ ಒಂದು ಮುಖ ಸಿಕ್ಕಿತೇ? ಬೆಜವಾಡದ ಐತಿಹ್ಯದಲ್ಲಿ ಸತ್ತದ್ದು ಬಡವಿಯ ಮಗು, ಶಿಕ್ಷೆಗೊಳಗಾದದ್ದು ರಾಜನ ಮಗ. ವಿಜಯನಗರದಲ್ಲಿ ಸತ್ತದ್ದು ರಾಜನ ಮಗ, ಶಿಕ್ಷೆಗೊಳಗಾದದ್ದು ಮಂತ್ರಿ. ಮೊದಲನೆಯ ಕಡೆ ತೀರ್ಪುಗಾರ ತನ್ನ ಸಂಕಟವನ್ನು ಬದಿಗಿಟ್ಟ. ಎರಡನೆಯ ಕಡೆ ಸಂಕಟವೇ ತೀರ್ಪು ಕೊಟ್ಟಿತು.

ಇನ್ನೊಂದು ಪ್ರಸಂಗ ಇದಕ್ಕಿಂತ ಘೋರ. ಕೆರೆ ಕಟ್ಟಿಸು ಎಂದು ಬರೆದ ರಾಯ ಹೊಸಪೇಟೆಯ ಬಳಿ ದೊಡ್ಡ ಕೆರೆ ಕಟ್ಟಿಸುತ್ತಿದ್ದಾಗ ಏರಿ ಎರಡು ಮೂರು ಸಲ ಒಡೆಯಿತು. ದೇವರು ಬಲಿ ಬೇಡುತ್ತಾನೆ ಎಂದರು. ಅರವತ್ತು ಜನರ ತಲೆ ಕಡಿಸಿದನೆಂದು ಪಾಯೆಸ್ ಬರೆದಿದ್ದಾನೆ. ಅವರು ಸಾವಿಗೆ ಅರ್ಹರಾಗಿದ್ದ ಕೈದಿಗಳು ಎನ್ನುತ್ತಾನೆ ನೂನಿಜ್. ಕೈದಿಗಳೇ ಆಗಿದ್ದರೂ, ಅವರ ಮೂರು ಅಹವಾಲನ್ನು ಯಾರು ಕೇಳಿದರು?

ಬರೆದದ್ದು ಒಂದು, ಮಾಡಿದ್ದು ಇನ್ನೊಂದು ಎಂದು ಐನೂರು ವರ್ಷದ ಮೇಲೆ ನಾವು ಬೆರಳು ತೋರಿಸುವುದು ಸುಲಭ. ಅದಕ್ಕಿಂತ ಉಪಯೋಗದ ಪ್ರಶ್ನೆ, ಅಷ್ಟು ತಿಳಿದವನು ಯಾಕೆ ಎಡವಿದ ಎಂಬುದು. ಗ್ವಿಚ್ಚಾರ್ಡಿನಿಯ ಟಿಪ್ಪಣಿಗಳಲ್ಲಿ ಒಂದು ವಿಚಾರ ಮತ್ತೆ ಮತ್ತೆ ಬರುತ್ತದೆ: ಪ್ರತಿ ನಿಯಮಕ್ಕೂ ಹೊರತು ಇರುತ್ತದೆ, ಎಲ್ಲಿ ಯಾವುದು ಎಂದು ತಿಳಿಯುವ ವಿವೇಕ ಪುಸ್ತಕದಲ್ಲಿ ಸಿಗುವುದಿಲ್ಲ. ರಾಯನ ರಾಜನೀತಿ ಅಧಿಕಾರಿಯನ್ನು ಅನುಮಾನಿಸುತ್ತದೆ, ಮಂತ್ರಿಯನ್ನು ಅನುಮಾನಿಸುತ್ತದೆ, ಸಾಮಂತನನ್ನು, ನೆರೆಯವನನ್ನು, ಮೇಲೇರಿದವನನ್ನು ಅನುಮಾನಿಸುತ್ತದೆ. ಮನುಷ್ಯಸ್ವಭಾವದ ಆ ಎಲ್ಲ ಲೆಕ್ಕದಿಂದ ಒಬ್ಬನನ್ನು ಮಾತ್ರ ಹೊರಗಿಟ್ಟಿದೆ. ರಾಜ ಧರ್ಮದ ಮೇಲೆ ಕಣ್ಣಿಟ್ಟು ಆಳಲಿ ಎಂಬಲ್ಲಿಗೆ ಆ ವಿಷಯ ನಿಲ್ಲುತ್ತದೆ. ಅವನ ಕಣ್ಣು ಅತ್ತ ಇತ್ತ ಸರಿದರೆ ಹಿಡಿದು ನಿಲ್ಲಿಸುವವರು ಯಾರು ಎಂಬುದಕ್ಕೆ ಪದ್ಯವಿಲ್ಲ.

ಮೂರು ಅಹವಾಲಿನ ನಿಯಮದ ಕೊರತೆಯೂ ಅದೇ. ಮೂರು ಸಲ ಕೇಳಿಕೊಳ್ಳಬಹುದು, ಆದರೆ ಮೂರು ಸಲವೂ ಕೇಳುವ ಕಿವಿ ಒಂದೇ. ಆ ಕಿವಿಗೆ ಕೋಪವೋ ದುಃಖವೋ ತುಂಬಿಕೊಂಡಿದ್ದರೆ ಮೂರಲ್ಲ, ಮೂವತ್ತು ಸಲ ಹೇಳಿಕೊಂಡರೂ ತೀರ್ಪು ಬದಲಾಗದು. ಇಂದು ನಮ್ಮ ಸೆಷನ್ಸ್ ನ್ಯಾಯಾಲಯ ಕೊಟ್ಟ ಮರಣದಂಡನೆಯನ್ನು ಹೈಕೋರ್ಟ್ ದೃಢಪಡಿಸದೆ ಜಾರಿ ಮಾಡುವಂತಿಲ್ಲ. ಅದರಾಚೆ ಸುಪ್ರೀಂ ಕೋರ್ಟ್ ಇದೆ, ಅದರಾಚೆ ಕ್ಷಮಾದಾನದ ಅರ್ಜಿ ಇದೆ. ಪ್ರತಿ ಬಾಗಿಲ ಹಿಂದೆ ಬೇರೆ ಬೇರೆ ಮನುಷ್ಯರು. ತಡವಾಗುತ್ತದೆ, ದುಬಾರಿಯಾಗುತ್ತದೆ ಎಂದು ನಾವು ಗೊಣಗುವ ಈ ಏರ್ಪಾಟಿನ ಬೆಲೆ ತಿಮ್ಮರಸುವಿನಂಥವರ ಕಥೆ ಓದಿದಾಗ ತಿಳಿಯುತ್ತದೆ. ಒಳ್ಳೆಯ ರಾಜ ಬೇಕೆಂದು ರಾಯ ಎಂಬತ್ತರಷ್ಟು ಪದ್ಯ ಬರೆದ. ಒಳ್ಳೆಯ ರಾಜನೂ ಒಂದು ದಿನ ಕೆಟ್ಟವನಾಗಬಹುದು, ಆ ದಿನಕ್ಕೆಂದೇ ಇನ್ನೊಂದು ಬಾಗಿಲು ಇಟ್ಟಿರಬೇಕು ಎಂಬ ಪಾಠ ಅವನ ಬದುಕಿನಿಂದ ನಮಗೆ ಸಿಗುತ್ತದೆ.